ಬೀಗದ ಪಕ್ಕದಲ್ಲೇ ಬೀಗದ ಕೈ

ತಗಡಿನ ಪೆಟ್ಟಿಗೆಗೆ ನೂರಾ ನಲವತ್ತೈದು, ಬೀಗಕ್ಕೆ ಮೂವತ್ತೈದು, ಒಟ್ಟು ನೂರಾ ಎಂಬತ್ತು. ಅಂಥವು ನಲವತ್ತು ಎಂದರೆ ಏಳು ಸಾವಿರದ ಇನ್ನೂರು. ಮೇಲೆ ಅಂಟಿಸುವ ಚೀಟಿಗೆ ಇನ್ನೊಂದು ಮುನ್ನೂರು. ಆಫೀಸಿನ ಎರಡು ಫ್ಯಾನು ಬದಲಾಯಿಸಿ ಗೋಡೆಗೆ ಸುಣ್ಣ ಬಳಿಸಬೇಕೆಂದು ಮೇಡಂ ಎರಡು ವರ್ಷದಿಂದ ಎತ್ತಿಟ್ಟಿದ್ದ ಏಳೂವರೆ ಸಾವಿರ ಹೀಗೆ ಒಂದೇ ಬೆಳಿಗ್ಗೆ ಕರಗಿಹೋಯಿತು.

ಅದಕ್ಕೆ ಮುಂಚೆ ಇದ್ದ ಡಬ್ಬಿಗಳಿಗೆ ಬಿಡಿಗಾಸೂ ಖರ್ಚಾಗಿರಲಿಲ್ಲ. ಕೂಸಿರುವ ಮನೆಗಳಿಂದ ಕೇಳಿ ತಂದ, ಹಾಲಿನ ಪುಡಿಯ ಖಾಲಿ ಡಬ್ಬಿಗಳು ಅವು. ಪ್ಲಾಸ್ಟಿಕ್ ಮುಚ್ಚಳದಲ್ಲಿ ಚಾಕುವಿನಿಂದ ಎಳೆದ ಒಂದು ಸೀಳು, ಸುತ್ತ ಒಂದು ಬಿಳಿ ಹಾಳೆ, ಹಾಳೆಯ ಮೇಲೆ ಒಂದು ವ್ಯಾನಿನ ಚಿತ್ರ. ಮುಚ್ಚಳವನ್ನು ಯಾರು ಬೇಕಾದರೂ ಹೆಬ್ಬೆರಳಿನಿಂದ ಎತ್ತಬಹುದಿತ್ತು. ತಕರಾರು ಎದ್ದದ್ದೇ ಆ ಹೆಬ್ಬೆರಳಿನಿಂದ.

ಖರ್ಚು ಮಾಡಿಸಿದವಳು ಕಾಮರ್ಸ್ ಓದುತ್ತಿದ್ದ ಇಪ್ಪತ್ತರ ಹುಡುಗಿ. ಕಾಲೇಜಿನವರು ಎರಡು ತಿಂಗಳು ಎಲ್ಲಾದರೂ ಕೆಲಸ ಮಾಡಿ, ಕೊನೆಗೆ 'ನಾನು ಕಲಿತದ್ದು' ಎಂದು ಹತ್ತು ಪುಟ ಬರೆದುಕೊಡಬೇಕು ಎಂದಿದ್ದರು. ಗೆಳತಿಯರೆಲ್ಲ ಬ್ಯಾಂಕು, ಆಡಿಟರ ಆಫೀಸು ಎಂದು ಜಾಗ ಹಿಡಿದಾಗಿತ್ತು. ಅರ್ಜಿ ಹಾಕಲು ತಡಮಾಡಿದ ಇವಳಿಗೆ ಉಳಿದದ್ದು ಚಿಕ್ಕಮ್ಮನ ಊರಿನ ಈ ಸಂಸ್ಥೆ. ನಡೆಯಲು ಕಷ್ಟವಿರುವ ಮಕ್ಕಳನ್ನು ಮನೆಬಾಗಿಲಿನಿಂದ ಆಸ್ಪತ್ರೆಗೆ ಕರೆದೊಯ್ದು, ಕಾಲಿನ ವ್ಯಾಯಾಮ ಮುಗಿಸಿ ವಾಪಸು ಬಿಡುವುದು ಅದರ ಕೆಲಸ. ಇದ್ದದ್ದು ಒಂದು ವ್ಯಾನು, ಒಬ್ಬ ಡ್ರೈವರು, ನಿವೃತ್ತ ನರ್ಸ್ ಆಗಿದ್ದ ಒಬ್ಬ ಮೇಡಂ, ತಿರುಗದ ಎರಡು ಫ್ಯಾನು. ಡ್ರೈವರ ಸಂಬಳ, ರಿಪೇರಿ ಎಲ್ಲ ಹೇಗೋ ನಡೆಯುತ್ತಿತ್ತು. ಡೀಸೆಲ್ ಮಾತ್ರ ಅಂಗಡಿಗಳಲ್ಲಿಟ್ಟ ಡಬ್ಬಿಗಳಿಂದಲೇ ಬರಬೇಕು. ಡಬ್ಬಿ ತುಂಬಿದರೆ ಮಂಗಳವಾರ ಒಂದು ಟ್ರಿಪ್ಪು, ಶುಕ್ರವಾರ ಇನ್ನೊಂದು.

"ಬಾ ಕಾಲೇಜು, ಕೂತ್ಕೋ" ಎಂದು ಮೇಡಂ ಮೊದಲ ದಿನವೇ ಅವಳಿಗೆ ಹೆಸರಿಟ್ಟರು. ಡ್ರೈವರಣ್ಣ ಅದಕ್ಕೆ ಸ್ವಲ್ಪ ಮರ್ಯಾದೆ ಸೇರಿಸಿ 'ಕಾಲೇಜಮ್ಮ' ಎಂದ. ಹದಿನೈದು ದಿನಕ್ಕೊಮ್ಮೆ ಅವನ ಜೊತೆ ಅಂಗಡಿಗಳಿಗೆ ಹೋಗಿ ಡಬ್ಬಿ ಸುರಿದುಕೊಂಡು ಬರುವುದು, ಆಫೀಸಿನ ಮೇಜಿನ ಮೇಲೆ ಎಣಿಸುವುದು ಅವಳ ಕೆಲಸ. ಸುಮಾರು ನಾಲ್ಕೂವರೆ ಸಾವಿರ ಬರುತ್ತಿತ್ತು.

"ನೋಡೇ, ನಮ್ಮೂರಿನ ಜನರ ಕೈ ಎಷ್ಟು ದೊಡ್ಡದು! ಐವತ್ತರ ನೋಟೇ ಹಾಕಿದ್ದಾರೆ" ಎಂದು ಮೇಡಂ ಮಡಿಸಿದ ನೋಟುಗಳನ್ನು ಅಂಗೈಯಿಂದ ಉಜ್ಜಿ ನೇರಮಾಡುತ್ತ ಬೀಗಿದರು.

ಹುಡುಗಿಗೆ ಮಾತ್ರ ತಲೆಯಲ್ಲಿ ಹುಳ ಹೊಕ್ಕಿತು. ಅವಳ ವಾಸ ಚಿಕ್ಕಮ್ಮನ ಮನೆಯಲ್ಲಿ, ಸಂಜೆ ಕೂರುತ್ತಿದ್ದದ್ದು ಚಿಕ್ಕಮ್ಮನ ಪುಸ್ತಕ-ಪೆನ್ನು-ಜೆರಾಕ್ಸ್ ಅಂಗಡಿಯಲ್ಲಿ. ಅಲ್ಲಿ ಡಬ್ಬಿಯೊಳಗೆ ನಾಣ್ಯ ಬೀಳುವ ಟಣ್ ಟಣ್ ಆಗಾಗ ಕೇಳುತ್ತದೆ. ಸುರಿದರೆ ಬರುವುದು ನೋಟು. ಹಾಗಾದರೆ ನಾಣ್ಯಗಳು ಎಲ್ಲಿಗೆ ಹೋದವು? ಆಡಿಟಿಂಗ್ ಪರೀಕ್ಷೆಯಲ್ಲಿ ಎಪ್ಪತ್ತೆಂಟು ತೆಗೆದ ತಲೆ ಅದು, ಸುಮ್ಮನಿರಲಿಲ್ಲ.

ಉತ್ತರ ಎರಡೇ ದಿನದಲ್ಲಿ ಸಿಕ್ಕಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಚಿಕ್ಕಮ್ಮ ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಎಬ್ಬಿಸಿ, ಕೈ ಇಳಿಬಿಟ್ಟು, ಒಂದು ಹಿಡಿ ನಾಣ್ಯ ಬಾಚಿ ಗಲ್ಲಾಪೆಟ್ಟಿಗೆಗೆ ಸುರಿದುಕೊಂಡಳು. ಮುಚ್ಚಳ ಒತ್ತಿ ಜೆರಾಕ್ಸ್ ಮೆಷಿನ್ನಿನ ಕಡೆ ಹೋದಳು. ಅತ್ತಿತ್ತ ನೋಡಲೂ ಇಲ್ಲ.

ಅತ್ತಿತ್ತ ನೋಡದಷ್ಟು ಅಭ್ಯಾಸವಾಗಿಬಿಟ್ಟಿದೆ ಎಂದುಕೊಂಡಳು ಹುಡುಗಿ. ತನ್ನ ಅಮ್ಮನ ಬೆನ್ನಿಗೆ ಹುಟ್ಟಿದ ತಂಗಿ, ಮೂರು ಹೊತ್ತು ಬಡಿಸಿ ಹಾಕುವ ಕೈ, ನಡೆಯಲಾಗದ ಮಕ್ಕಳ ದುಡ್ಡಿಗೆ ಹೋಯಿತಲ್ಲ! ಕೇಳಲು ಬಾಯಿ ಬರಲಿಲ್ಲ. ಮರುದಿನ ಬೇಕರಿಯಲ್ಲಿ, ಅದರ ಮರುದಿನ ಔಷಧಿ ಅಂಗಡಿಯಲ್ಲಿ ಬೇಕೆಂದೇ ನಿಂತು ನೋಡಿದಳು. ಅಲ್ಲಿಯೂ ಅದೇ ಹೆಬ್ಬೆರಳು, ಅದೇ ಹಿಡಿ.

"ಮೇಡಂ, ಡಬ್ಬಿಯಿಂದ ಅಂಗಡಿಯವರೇ ತೆಗೀತಿದ್ದಾರೆ" ಎಂದಳು.

ಮೇಡಂ ಕನ್ನಡಕ ತೆಗೆದರು. "ಯಾರು?"

"ಇಂಥವರು ಅಂತ ಬೇಡ ಮೇಡಂ. ವ್ಯವಸ್ಥೆ ಸರಿ ಮಾಡೋಣ."

ಅಷ್ಟು ದೊಡ್ಡ ಮಾತಿಗೆ ಮೇಡಂ ಏನು ಹೇಳಿಯಾರು? ಇಂಜೆಕ್ಷನ್ ಚುಚ್ಚಿ ಗೊತ್ತಿತ್ತೇ ಹೊರತು ಲೆಕ್ಕ ಅವರ ಕೈಯದಲ್ಲ. ತಲೆ ಎತ್ತಿ ತಿರುಗದ ಫ್ಯಾನುಗಳನ್ನು ಒಮ್ಮೆ ನೋಡಿ, ಬೀರುವಿನಿಂದ ಏಳೂವರೆ ಸಾವಿರ ತೆಗೆದುಕೊಟ್ಟರು.

ಹೊಸ ಪೆಟ್ಟಿಗೆಗಳು ಹಸಿರು ಬಣ್ಣದಲ್ಲಿ ಮಿಂಚುತ್ತಿದ್ದವು. ನಲವತ್ತು ಬೀಗದ ಕೈಗಳೂ ಒಂದೇ ಗೊಂಚಲಿನಲ್ಲಿ ಹುಡುಗಿಯ ಸೊಂಟದ ಬಳಿ ಝಣಗುಟ್ಟುತ್ತಿದ್ದವು. ಅಂಗಡಿ ಅಂಗಡಿಗೂ ಹೋಗಿ ಹಳೆಯ ಡಬ್ಬಿ ಎತ್ತಿಕೊಂಡು ಹೊಸದನ್ನು ಇಟ್ಟುಬಂದಳು. ಬೇಕರಿಯವನು ಬೀಗವನ್ನು ಬೆರಳಿನಿಂದ ತೂಗಿನೋಡಿ "ಓಹೋ" ಎಂದನಷ್ಟೇ. ಔಷಧಿ ಅಂಗಡಿಯವನು ಅದನ್ನೂ ಅನ್ನಲಿಲ್ಲ. ಕೊನೆಗೆ ಚಿಕ್ಕಮ್ಮನ ಅಂಗಡಿ.

"ಇದೇನೇ ಇದು, ಬೀಗ?"

"ಭದ್ರತೆಗೆ ಚಿಕ್ಕಮ್ಮ."

"ಯಾರಿಂದ?"

ಹುಡುಗಿ ಚೀಟಿಯ ಮೂಲೆಯನ್ನು ಉಗುರಿನಿಂದ ಒತ್ತಿ ಒತ್ತಿ ಅಂಟಿಸುತ್ತ ನಿಂತಳು. ಚಿಕ್ಕಮ್ಮ ಅವಳ ಮುಖವನ್ನೇ ನೋಡಿದಳು. ಮೂವತ್ತು ವರ್ಷ ಗಿರಾಕಿಗಳ ಮುಖ ಓದಿದವಳಿಗೆ ಅಕ್ಕನ ಮಗಳ ಮುಖ ಓದುವುದು ಕಷ್ಟವಾಗಲಿಲ್ಲ.

"ಸರಿ" ಎಂದಳು ಕಡ್ಡಿ ಮುರಿದಂತೆ.

ಆ ಸಂಜೆ ಮನೆಗೆ ಬಂದರೆ ಬಿಸ್ಕತ್ತಿನ ಡಬ್ಬಿಗೆ ಬೀಗ. ಡಬ್ಬಿಗೆ ಬೀಗ ಹಾಕುವ ಕೊಂಡಿ ಇರಲಿಲ್ಲವಾದ್ದರಿಂದ ಚಿಕ್ಕಮ್ಮ ಸುತ್ತ ಸೈಕಲ್ಲಿನ ಚೈನು ಬಿಗಿದು ಹಾಕಿದ್ದಳು. ಮರುದಿನ ಸಕ್ಕರೆ ಡಬ್ಬಿ. ಅದರ ಮರುದಿನ ಟಿವಿ ರಿಮೋಟು ಒಂದು ಕಬ್ಬಿಣದ ಪೆಟ್ಟಿಗೆ ಸೇರಿತು. ಬೀಗದ ಕೈಗಳೆಲ್ಲ ಚಿಕ್ಕಮ್ಮನ ಕೊರಳಲ್ಲಿ. ಊಟಕ್ಕೆ ಮಾತ್ರ ಏನೂ ಕಡಿಮೆಯಿಲ್ಲ. ಮೊದಲಿಗಿಂತ ಒಂದು ಸೌಟು ಹೆಚ್ಚೇ ಬಡಿಸುತ್ತಿದ್ದಳು, ಮುಖ ದಪ್ಪ ಮಾಡಿಕೊಂಡು.

"ಲೇ, ಇವಳ ಮೇಲೆ ಸಿಟ್ಟಿದ್ರೆ ಇವಳ ಸೂಟ್‌ಕೇಸಿಗೆ ಬೀಗ ಹಾಕು. ನನ್ನ ಬಿಸ್ಕತ್ತು ಏನು ಮಾಡಿತ್ತು?" ಎಂದ ಚಿಕ್ಕಪ್ಪ.

"ಭದ್ರತೆಗೆ ರೀ" ಎಂದಳು ಚಿಕ್ಕಮ್ಮ.

"ಯಾರಿಂದ?"

"ಹೆಸರು ಹೇಳಲ್ಲ."

ಚಿಕ್ಕಪ್ಪ ಸಕ್ಕರೆಯಿಲ್ಲದ ಕಾಫಿ ಕುಡಿದು, ಹುಡುಗಿಯ ಕಡೆ ಬಗ್ಗಿ ಪಿಸುಗುಟ್ಟಿದ: "ನೀನು ಅದೇನು ಮಾಡಿದ್ದೀಯೋ ನಂಗೊತ್ತಿಲ್ಲ. ಬೇಗ ಬಗೆಹರಿಸ್ಕೋ ತಾಯಿ. ಮುಂದಿನ ವಾರ ಬಚ್ಚಲಮನೆಗೆ ಬೀಗ ಬಿದ್ರೆ ಕಷ್ಟ."

ಹದಿನೈದು ದಿನ ಕಳೆಯಿತು. ಪೆಟ್ಟಿಗೆಗಳನ್ನು ಸುರಿಯಲು ಹೋದಾಗ ಮೊದಲ ಕಷ್ಟ ಹುಡುಕುವುದೇ ಆಯಿತು. ಗಲ್ಲಾದ ಪಕ್ಕದಲ್ಲಿ ಇಟ್ಟುಬಂದವು ಈಗ ಒಂದು ಕಡೆ ಬ್ರೆಡ್ಡಿನ ಹಿಂದೆ, ಇನ್ನೊಂದು ಕಡೆ ಪೊರಕೆಗಳ ನಡುವೆ. ಎತ್ತಿದರೆ ಹಗುರ. ಆಫೀಸಿನ ಮೇಜಿನ ಮೇಲೆ ಸುರಿದಾಗ ನಾಣ್ಯದ ಜೊತೆ ಬಿದ್ದದ್ದು ಬಸ್ ಟಿಕೇಟು, ಒಂದು ಅಂಗಿ ಗುಂಡಿ, ಮತ್ತು ರಾಶಿ ರಾಶಿ ಪೆಪ್ಪರ್‌ಮಿಂಟು. ಪೆಪ್ಪರ್‌ಮಿಂಟಿನ ಹಿಂದೆ ಇರುವೆಗಳು ಸಾಲುಗಟ್ಟಿ ಹೊರಬಂದು ಮೇಡಮ್ಮಿನ ಕನ್ನಡಕದ ಪೆಟ್ಟಿಗೆಯ ಕಡೆ ನಡೆದವು.

"ದಾನ ಮಾಡೋಕೆ ಪೆಪ್ಪರ್‌ಮಿಂಟು ಯಾಕೆ ಹಾಕ್ತಾರೆ?" ಎಂದರು ಮೇಡಂ, ಕೈ ಮೇಲಿನ ಇರುವೆ ಕೊಡವುತ್ತ.

"ವ್ಯಾನಿಗೆ ಹಾಕಿ ನೋಡೋಣ ಮೇಡಂ, ಓಡಿದ್ರೂ ಓಡಬಹುದು" ಎಂದ ಡ್ರೈವರಣ್ಣ.

ಎಣಿಸಿದರೆ ಸಾವಿರದ ಏಳುನೂರು. ಮೇಡಂ ಎರಡು ಸಲ ಎಣಿಸಿದರು. ಆಮೇಲೆ ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತರು. ಮಂಗಳವಾರದ ಮಕ್ಕಳಿಗೆ ಈಗತಾನೇ ಶಸ್ತ್ರಚಿಕಿತ್ಸೆಯಾಗಿದೆ, ಅದನ್ನು ಬಿಡುವಂತಿಲ್ಲ. "ಮುಂದಿನ ವಾರದಿಂದ ಶುಕ್ರವಾರದ ಟ್ರಿಪ್ಪು ನಿಲ್ಲಿಸಬೇಕು" ಎಂದರು. ಹುಡುಗಿಯನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

"ಈ ಶುಕ್ರವಾರ ನೀವೂ ಬನ್ನಿ ಕಾಲೇಜಮ್ಮ" ಎಂದ ಡ್ರೈವರಣ್ಣ. "ಮನೆಯೋರಿಗೆ ನೀವೇ ಹೇಳಿ. ನನಗೆ ಗಾಡಿ ಓಡಿಸೋದು ಗೊತ್ತು, ಇಂಥ ಸುದ್ದಿ ಹೇಳೋದು ಬರಲ್ಲ."

ಶುಕ್ರವಾರದ ದಾರಿಯಲ್ಲಿ ನಾಲ್ಕು ಮಕ್ಕಳು. ಕೊನೆಯ ಮನೆ ಕಲ್ಲುಕ್ವಾರಿಯ ಹತ್ತಿರ. ಅಲ್ಲಿ ಐದಾರು ವರ್ಷದ ಒಂದು ಹುಡುಗಿ, ಮೊಣಕಾಲಿನವರೆಗೆ ಬೆಲ್ಟು ಬಿಗಿದುಕೊಂಡು, ಗೇಟು ಹಿಡಿದು ನಿಂತಿದ್ದಳು. ಡ್ರೈವರಣ್ಣ ಎತ್ತಿಕೊಳ್ಳಲು ಇಳಿದರೆ ಕೈ ತಳ್ಳಿದಳು.

"ನಾನೇ ಬರ್ತೀನಿ. ನೀನು ಹಾರ್ನ್ ಹೊಡಿ."

"ಹಾರ್ನ್ ಯಾಕೆ?"

"ನಾನು ಬರೋದು ಎಲ್ರಿಗೂ ಗೊತ್ತಾಗ್ಲಿ."

ಡ್ರೈವರಣ್ಣ ಉದ್ದಕ್ಕೂ ಹಾರ್ನ್ ಒತ್ತಿದ. ಮಗು ಗೇಟು ಬಿಟ್ಟು, ಗೋಡೆ ಬಿಟ್ಟು, ಸೊಟ್ಟ ಸೊಟ್ಟ ಹೆಜ್ಜೆ ಹಾಕಿ ವ್ಯಾನಿನ ಬಾಗಿಲು ಹಿಡಿಯಿತು. ಅದರ ಅಜ್ಜಿ ಒಳಗಿನಿಂದ ಕೂಗಿದಳು: "ಮುಂದಿನ ವಾರ ಅರ್ಧ ಗಂಟೆ ತಡವಾಗಿ ಬಾರಪ್ಪ. ಇವಳು ನಡ್ಕೊಂಡೇ ಬರೋದಾದ್ರೆ ನಂಗೆ ರೆಡಿ ಮಾಡೋಕೆ ಟೈಮ್ ಬೇಕು!"

ಸುದ್ದಿ ಹೇಳಲೆಂದು ನಮ್ಮ ಹುಡುಗಿ ಬಾಯಿ ತೆರೆದಳು. "ಆಗಲಿ ಅಜ್ಜಿ" ಎಂದಳು.

ದಾರಿಯುದ್ದಕ್ಕೂ ಡ್ರೈವರಣ್ಣ ಕನ್ನಡಿಯಲ್ಲಿ ಅವಳನ್ನು ನೋಡುತ್ತಿದ್ದ. "ಚೆನ್ನಾಗಿ ಹೇಳಿದ್ರಿ" ಎಂದ ಕೊನೆಗೆ.

ಮಕ್ಕಳನ್ನು ವಾಪಸು ಮನೆಗೆ ಬಿಟ್ಟ ಮೇಲೆ ಹುಡುಗಿ ನೆಟ್ಟಗೆ ಚಿಕ್ಕಮ್ಮನ ಅಂಗಡಿಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕುಳಿತಳು. ಶಾಲೆ ಬಿಟ್ಟ ಹೊತ್ತು. ಒಬ್ಬ ಗಂಡಸು ಎರಡು ಜೆರಾಕ್ಸ್ ಮಾಡಿಸಿ ಹತ್ತರ ನೋಟು ಕೊಟ್ಟ.

"ಆರು ರೂಪಾಯಿ ಚಿಲ್ಲರೆ ಇಲ್ಲಣ್ಣ. ಇನ್ನೂ ಮೂರು ಕಾಪಿ ತೆಗೀಲಾ?"

"ಐದೈದು ಕಾಪಿ ಇಟ್ಕೊಂಡು ಮನೆ ಗೋಡೆಗೆ ಅಂಟಿಸಲಾ?" ಎಂದು ಅವನು ರೇಗಿದ. ಕೊನೆಗೆ ಬೇಡದ ಪೆನ್ನೊಂದನ್ನು ಕೊಂಡು ಗೊಣಗುತ್ತ ಹೋದ. ಅವನ ಹಿಂದೆ ಬಂದ ಪುಟ್ಟ ಹುಡುಗಿಗೆ ಚಿಲ್ಲರೆಯ ಬದಲು ಪೆಪ್ಪರ್‌ಮಿಂಟು ಸಿಕ್ಕಿತು. ಅವಳು ಅದನ್ನು ಸೀದಾ ಹಸಿರು ಪೆಟ್ಟಿಗೆಯ ಸೀಳಿಗೆ ತುರುಕಿದಳು.

"ಯಾಕೆ ಮರಿ ಅದರಲ್ಲಿ ಹಾಕ್ದೆ?" ಎಂದಳು ನಮ್ಮ ಹುಡುಗಿ.

"ಮುಂಚೆ ಕಾಯಿನ್ ಹಾಕ್ತಿದ್ದೆ. ಈಗ ಆಂಟಿ ಇದೇ ಕೊಡ್ತಾರಲ್ಲ."

ಇರುವೆಗಳು ಎಲ್ಲಿಂದ ಬಂದವೆಂದು ಹುಡುಗಿಗೆ ಆಗ ಹೊಳೆಯಿತು. ಸ್ಟೂಲಿನಿಂದ ಎದ್ದು ಬಂದಳು.

"ಚಿಕ್ಕಮ್ಮ, ನೀನು ಆ ಡಬ್ಬಿಯಿಂದ ನಾಣ್ಯ ಯಾಕೆ ತೆಗೀತಿದ್ದೆ?"

ಚಿಕ್ಕಮ್ಮ ಕೈಯಲ್ಲಿದ್ದ ಹಾಳೆಗಳನ್ನು ಮೇಜಿಗೆ ಕುಟ್ಟಿ ಸಾಲುಮಾಡಿದಳು. "ಅಂತೂ ಕೇಳಿದೆ! ಮೊದಲನೇ ದಿನ ಕೇಳಿದ್ರೆ ಒಂದು ಲೋಟ ಕಾಫಿ ಮುಗಿಯೋದರೊಳಗೆ ಹೇಳಿಬಿಡ್ತಿದ್ದೆ."

"ನೀನಾದ್ರೂ ಹೇಳಬಹುದಿತ್ತಲ್ಲ."

"ಮುಖಕ್ಕೆ ಬೀಗ ತಂದು ಜಡಿದ ಮೇಲೆ ನಾನು ಕಳ್ಳಿ ಅಲ್ಲ, ಕಳ್ಳಿ ಅಲ್ಲ ಅಂತ ನಿನ್ನ ಹಿಂದೆ ಓಡಿ ಬರಬೇಕಿತ್ತಾ? ಕೂತ್ಕೋ."

ಹೇಳಿದಳು. ಅಂಗಡಿಯವರಿಗೆ ಚಿಲ್ಲರೆ ಸಿಗುವುದಿಲ್ಲ. ಹೊರಗೆ ಕೊಳ್ಳಲು ಹೋದರೆ ಐವತ್ತರ ನೋಟಿಗೆ ನಲವತ್ತೈದು ನಾಣ್ಯ ಎಣಿಸಿ, ಐದು ತಾವು ಹಿಡಿದುಕೊಳ್ಳುವವರಿದ್ದಾರೆ. ಅದಕ್ಕೇ ಬಹಳ ಹಿಂದೆ ಯಾರೋ ಒಬ್ಬರು ಶುರುಮಾಡಿದ್ದನ್ನು ಎಲ್ಲರೂ ಹಿಡಿದುಕೊಂಡರು: ವಾರಕ್ಕೊಮ್ಮೆ, ಡಬ್ಬಿಯಲ್ಲಿ ನಾಣ್ಯ ಸೇರಿದ ಮೇಲೆ, ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಐವತ್ತರ ನೋಟು ಹಾಕುವುದು, ಆಮೇಲೆ ಬೇಕಾದಾಗ ಅದರಿಂದ ನಲವತ್ತೈದರವರೆಗೆ ನಾಣ್ಯ ತೆಗೆಯುವುದು. ಮಿಕ್ಕ ಐದು ವ್ಯಾನಿಗೆ.

"ಐದು ದೊಡ್ಡ ವಿಷಯ ಅಲ್ಲ ಕಣೇ" ಎಂದಳು ಚಿಕ್ಕಮ್ಮ. "ನಾನು ಡಬ್ಬಿಯಿಂದ ತೆಗೆದ ನಾಣ್ಯ ಗಿರಾಕಿ ಕೈಗೆ ಹೋಗುತ್ತೆ. ಗಿರಾಕಿ ಕಣ್ಣೆದುರಿಗೇ ಡಬ್ಬಿ. ಒಂದೆರಡು ನಾಣ್ಯ ಯಾಕೆ ಜೇಬಲ್ಲಿ ಕುಣಿಸೋದು ಅಂತ ಅಲ್ಲೇ ಹಾಕ್ತಾನೆ. ಮುಂದಿನ ವಾರ ಅದೇ ನಾಣ್ಯ ನಾನು ಮತ್ತೆ ತೆಗೀತೀನಿ, ನೋಟು ಹಾಕಿ. ಅಂಚು ಸೊಟ್ಟಗಿರೋ ಒಂದು ನಾಣ್ಯ ಇತ್ತು. ಅದೊಂದೇ ಎಷ್ಟು ಸಲ ದಾನ ಆಗಿದೆಯೋ ದೇವರಿಗೇ ಗೊತ್ತು. ನೀನು ಬೀಗ ಹಾಕಿ ಅದನ್ನ ಒಳಗೆ ಕೂರಿಸಿಬಿಟ್ಟೆ. ಈಗ ನನ್ನ ಹತ್ರ ಚಿಲ್ಲರೆ ಇಲ್ಲ. ಗಿರಾಕಿಗೆ ಪೆಪ್ಪರ್‌ಮಿಂಟು. ಡಬ್ಬಿಗೂ ಪೆಪ್ಪರ್‌ಮಿಂಟು."

ಕೈ ಒಳಗೆ ಹೋದದ್ದನ್ನು ಹುಡುಗಿ ನೋಡಿದ್ದಳು. ಬೆಳಿಗ್ಗೆ ನೋಟು ಒಳಗೆ ಹೋದದ್ದನ್ನು ನೋಡಿರಲಿಲ್ಲ, ಆ ಹೊತ್ತಿಗೆ ಅವಳಿನ್ನೂ ಹಾಸಿಗೆ ಬಿಟ್ಟಿರುತ್ತಿರಲಿಲ್ಲ. ಇಂಗು ತಿಂದ ಮಂಗನಂತೆ ಕುಳಿತುಬಿಟ್ಟಳು.

"ತಪ್ಪಾಯ್ತು ಚಿಕ್ಕಮ್ಮ."

"ಆಯ್ತು. ಆದ್ರೆ ಬರೀ ಬಾಯಲ್ಲಿ ಅಂದ್ರೆ ಬಿಡಲ್ಲ. ಮೊದಲು ಆಫೀಸಲ್ಲಿ ಕೂಡಿಹಾಕಿರೋ ನಾಣ್ಯನೆಲ್ಲ ತಂದು ಅಂಗಡಿ ಅಂಗಡಿಗೂ ಹಂಚು. ಆಮೇಲೆ ಸೋಮವಾರ ಇಲ್ಲಿ ಗಲ್ಲಾದ ಮೇಲೆ ನೀನು ಕೂರ್ತೀಯ, ನಾನಲ್ಲ."

ಮರುದಿನ ಹುಡುಗಿಯೂ ಡ್ರೈವರಣ್ಣನೂ ನಾಣ್ಯದ ಚೀಲ ಹೊತ್ತು ಹೊರಟರು. ಪ್ರತಿ ಪೆಟ್ಟಿಗೆಯ ಬೀಗದ ಕೈಯನ್ನೂ ಗೊಂಚಲಿನಿಂದ ಬಿಚ್ಚಿ, ದಾರ ಪೋಣಿಸಿ, ಅದೇ ಪೆಟ್ಟಿಗೆಯ ಕೊಂಡಿಗೆ ಕಟ್ಟಿದಳು.

"ಏನಮ್ಮ ಪೊಲೀಸಮ್ಮ, ಇವತ್ತು ಯಾರನ್ನ ಹಿಡಿಯೋಕೆ ಬಂದೆ?" ಎಂದ ಬೇಕರಿಯವನು.

"ಯಾರನ್ನೂ ಇಲ್ಲ ಅಂಕಲ್. ನನ್ನದೇ ತಪ್ಪು. ಕೇಳದೆ ಬೀಗ ಹಾಕಿದೆ. ಚಿಲ್ಲರೆ ತಂದಿದ್ದೀನಿ."

ಬೇಕರಿಯವನು ದಾರದಲ್ಲಿ ತೂಗುತ್ತಿದ್ದ ಬೀಗದ ಕೈ ನೋಡಿದ. "ಬೀಗದ ಪಕ್ಕದಲ್ಲೇ ಬೀಗದ ಕೈ ಕಟ್ಟಿದ ಮೇಲೆ ಬೀಗ ಯಾಕೆ?"

"ಏಳು ಸಾವಿರ ಕೊಟ್ಟಾಗಿದೆ ಅಂಕಲ್. ಇರಲಿ ಬಿಡಿ, ಚೆನ್ನಾಗಿ ಕಾಣುತ್ತೆ."

ಅವನು ಹೊಟ್ಟೆ ಹಿಡಿದು ನಕ್ಕು, ಐವತ್ತರ ನೋಟು ಹಾಕಿ ನಲವತ್ತೈದು ಎಣಿಸಿಕೊಂಡ. ಪೆಟ್ಟಿಗೆ ಬ್ರೆಡ್ಡಿನ ಹಿಂದಿನಿಂದ ಮುಂದಕ್ಕೆ ಬಂತು. ಎಲ್ಲರೂ ಹೀಗೆ ನಗಲಿಲ್ಲ. ಔಷಧಿ ಅಂಗಡಿಯವನು ಪೆಟ್ಟಿಗೆಯನ್ನು ಎತ್ತಿ ಅವಳ ಕೈಗೇ ಕೊಟ್ಟ. "ಹದಿನಾಲ್ಕು ವರ್ಷ ಇಟ್ಟಿದ್ದೆ. ಒಂದು ಮಾತು ಕೇಳಲಿಲ್ಲ ನೀವು. ತಗೊಂಡು ಹೋಗಿ" ಎಂದ. ಅವಳು ಎಷ್ಟು ಬೇಡಿಕೊಂಡರೂ ಅವನು ಔಷಧಿಯ ಚೀಟಿಯಿಂದ ತಲೆ ಎತ್ತಲಿಲ್ಲ. ಇನ್ನಿಬ್ಬರೂ ಹಾಗೆಯೇ ವಾಪಸು ಕೊಟ್ಟರು.

ಸೋಮವಾರ ಬಂತು. ಗಲ್ಲಾದ ಹಿಂದೆ ಕೂತ ಅರ್ಧ ಗಂಟೆಯಲ್ಲೇ ಹುಡುಗಿಯ ಬೆವರು ಇಳಿಯಿತು. ಒಬ್ಬರಿಗೆ ಎರಡು ಕೊಡಬೇಕು, ಇನ್ನೊಬ್ಬರಿಗೆ ಏಳು, ಮೂರನೆಯವರು ಐನೂರರ ನೋಟು ಹಿಡಿದು ಒಂದು ರಬ್ಬರು ಕೇಳುತ್ತಾರೆ. ಚಿಲ್ಲರೆ ಮುಗಿಯಿತು. ಬೆಳಿಗ್ಗೆ ಅವಳೇ ಹಾಕಿದ್ದ ಐವತ್ತರ ನೋಟು ನೆನಪಾಗಿ, ದಾರದಲ್ಲಿದ್ದ ಬೀಗದ ಕೈಯಿಂದ ಬೀಗ ತೆಗೆದು, ಒಂದು ಹಿಡಿ ಬಾಚಿದಳು.

"ಏಯ್! ಏನಮ್ಮ ಅದು?"

ಎದುರಿಗೆ ಟೋಪಿ ಹಾಕಿದ ಒಬ್ಬ ಮುದುಕರು ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದರು. "ಓದಿದ ಹುಡುಗಿ ಥರ ಕಾಣ್ತೀಯ. ಅಂಗವಿಕಲ ಮಕ್ಕಳ ದುಡ್ಡಿಗೆ ಕೈ ಹಾಕ್ತೀಯಲ್ಲ, ನಾಚಿಕೆ ಆಗಲ್ವಾ?"

"ತಾತ, ಅದು... ನಾನು ಬೆಳಿಗ್ಗೆನೇ..."

"ಬೆಳಿಗ್ಗೆನೂ ತೆಗೆದ್ಯಾ!"

ಜೆರಾಕ್ಸ್ ಮೆಷಿನ್ನಿನ ಹಿಂದಿನಿಂದ ಚಿಕ್ಕಮ್ಮನ ನಗು ಮೊದಲು ಸಣ್ಣಗೆ, ಆಮೇಲೆ ಮೆಷಿನ್ನಿನ ಸದ್ದನ್ನೂ ಮೀರಿ ಕೇಳಿತು. ಕಣ್ಣೊರೆಸಿಕೊಳ್ಳುತ್ತ ಈಚೆ ಬಂದು, "ಬನ್ನಿ ತಾತ, ಕೂತ್ಕೊಳ್ಳಿ. ನೀವು ಒಳ್ಳೇ ಕೆಲಸ ಮಾಡಿದ್ರಿ. ಕೇಳಿದ್ರಲ್ಲ! ಈಗ ಇವಳೇ ನಿಮಗೆ ಎಲ್ಲ ವಿವರಿಸಿ ಹೇಳ್ತಾಳೆ" ಎಂದಳು. ಹುಡುಗಿ ವಿವರಿಸಿದಳು. ಮುದುಕರು ಎರಡು ಸಲ ಕೇಳಿಸಿಕೊಂಡು, ತಾವೂ ಒಂದು ಐವತ್ತರ ನೋಟು ಕೊಟ್ಟು, "ನಂಗೂ ನಲವತ್ತೈದು ಕೊಡು, ಬಸ್ಸಿಗೆ ಬೇಕು" ಎಂದರು.

ಆ ಸಂಜೆ ಬಿಸ್ಕತ್ತಿನ ಡಬ್ಬಿಯ ಚೈನಿಗೆ ಬೀಗದ ಕೈಯನ್ನೂ ದಾರದಲ್ಲಿ ಕಟ್ಟಿತ್ತು. ಚಿಕ್ಕಪ್ಪ ಬೀಗ ತೆಗೆದು, ಒಂದು ಬಿಸ್ಕತ್ತು ತಿಂದು, ಮತ್ತೆ ಬೀಗ ಹಾಕಿದ. ಮಜವಾಗಿದೆ ಎಂದ.

ಎರಡು ತಿಂಗಳು ಮುಗಿದ ಮೇಲೆ ಹುಡುಗಿ ಹತ್ತು ಪುಟ ಬರೆದು ಕಾಲೇಜಿಗೆ ಕೊಟ್ಟಳು. ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದಳು. ಓದಿದ ಮೇಷ್ಟ್ರು, ಬೀಗದ ಕೈಯನ್ನು ಬೀಗದ ಪಕ್ಕದಲ್ಲೇ ಕಟ್ಟುವುದು ಯಾವ ನಿಯಂತ್ರಣವೂ ಅಲ್ಲ ಎಂದು ಕೆಂಪು ಶಾಯಿಯಲ್ಲಿ ಗೀಚಿ, ನೂರಕ್ಕೆ ಐವತ್ತೆರಡು ಕೊಟ್ಟರು. ಬ್ಯಾಂಕಿಗೆ ಹೋಗಿದ್ದ ಗೆಳತಿಯರಿಗೆ ಎಂಬತ್ತರ ಮೇಲೆ ಬಂದಿತ್ತು.

ಹೋದದ್ದು ಇಷ್ಟು: ಫ್ಯಾನಿನ ದುಡ್ಡು, ಮೂರು ಅಂಗಡಿ, ಒಂದಷ್ಟು ಅಂಕ, ಮತ್ತು ಎರಡು ಶುಕ್ರವಾರ. ಆ ಎರಡು ವಾರ ಕ್ವಾರಿಯ ಮಗು ಗೇಟು ಹಿಡಿದು ಕಾದು ವಾಪಸು ಒಳಗೆ ಹೋಯಿತು. ಮೂರನೆಯ ಶುಕ್ರವಾರಕ್ಕೆ ಪೆಟ್ಟಿಗೆಗಳಲ್ಲಿ ನಾಲ್ಕು ಸಾವಿರ ಚಿಲ್ಲರೆ ಬಂದಿತ್ತು. ವ್ಯಾನು ಹೊರಟಿತು, ಡ್ರೈವರಣ್ಣ ಉದ್ದಕ್ಕೂ ಹಾರ್ನ್ ಹೊಡೆದ, ಮಗು ನಡೆದುಕೊಂಡು ಬಂತು.